ರಾಜಿಗೆ ಕೂರಲಾ, ಠಾಣೆಗೆ ಕಳಿಸಲಾ?

ಓದುಗರ ಪ್ರಶ್ನೆ: "ಮೇಡಂ, ನಾನು ಕೊರಟಗೆರೆ ಕಡೆಯವನು, ಗ್ರಾಮ ಪಂಚಾಯ್ತಿ ಸದಸ್ಯ. ನಮ್ಮೂರಿನ 21 ವರ್ಷದ ಹುಡುಗಿ ವಸಂತನರಸಾಪುರದ ಫ್ಯಾಕ್ಟರಿಗೆ ಹೋಗ್ತಾಳೆ. ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ, ಉಳಿದವರೆಲ್ಲ ಇಳಿದ ಮೇಲೆ, ವ್ಯಾನ್ ಓಡಿಸುವವನು ಗಾಡಿಯನ್ನು ಅಡಿಕೆ ತೋಟದ ಕಡೆ ತಿರುಗಿಸಿ ಬಲಾತ್ಕಾರ ಮಾಡಿದ ಅಂತ ಹೇಳ್ತಿದ್ದಾಳೆ. ಐದು ದಿನ ಆದ ಮೇಲೆ ಅವಳ ತಾಯಿ ನನ್ನ ಹೆಂಡತಿ ಹತ್ತಿರ ಅತ್ತುಕೊಂಡು ಹೇಳಿದ್ದು. ಮೈಮೇಲೆ ಗಾಯ ಇಲ್ಲ. ಕೂಗಿಕೊಂಡಿಲ್ಲ. ಅವನು, 'ಆರು ತಿಂಗಳಿಂದ ಫೋನಲ್ಲಿ ಮಾತಾಡ್ತಿದ್ವಿ, ಒಪ್ಪಿಯೇ ಬಂದಳು, ಬದುವಿನ ಜಗಳಕ್ಕೆ ಅವರಪ್ಪ ಹೀಗೆ ಹೇಳಿಸ್ತಿದ್ದಾನೆ' ಅಂತಾನೆ. ಎರಡು ಮನೆಯೂ ನಮಗೆ ಬೇಕಾದವರೇ. 'ನೀನೇ ಕೂತು ಬಗೆಹರಿಸು' ಅಂತ ಊರಿನವರು ಗಂಟುಬಿದ್ದಿದ್ದಾರೆ.

ಹಿಂದೆ ನಮ್ಮೂರ ಹುಡುಗ ಒಬ್ಬ ಏಳು ತಿಂಗಳು ಜೈಲಲ್ಲಿದ್ದ. ಆಮೇಲೆ ಹುಡುಗಿಯೇ ಕೋರ್ಟಿನಲ್ಲಿ 'ಏನೂ ಮಾಡಿಲ್ಲ' ಅಂದಳು. ಇನ್ನೊಬ್ಬ ಮಾಡಿದ್ದು ಊರಿಗೆಲ್ಲ ಗೊತ್ತು. ಖುಲಾಸೆಯಾಗಿ ಬಂದು ಪಟಾಕಿ ಹೊಡೆಸಿದ. ನೂರು ಅಪರಾಧಿಗಳು ತಪ್ಪಿಸಿಕೊಂಡರೂ ಒಬ್ಬ ನಿರಪರಾಧಿಗೆ ಶಿಕ್ಷೆ ಆಗಬಾರದು ಅಂತಾರಲ್ಲ. ಠಾಣೆಗೆ ಕಳಿಸಿದರೆ ಅಮಾಯಕ ಒಳಗೆ ಹೋಗಬಹುದು. ಸುಮ್ಮನಿದ್ದರೆ ತಪ್ಪು ಮಾಡಿದವನು ಮೀಸೆ ತಿರುವುತ್ತಾನೆ. ನಾನು ಯಾವ ಪಾಪ ಕಟ್ಟಿಕೊಳ್ಳಲಿ?"

ಉತ್ತರ: ಮೊದಲು ತುರ್ತಿನ ಮಾತು. ರಾಜಿಗೆ ಕೂರಬೇಡಿ. ಪತ್ರ ಬಂದ ದಿನವೇ ಫೋನಿನಲ್ಲಿ ನಿಮಗೆ ಇಷ್ಟನ್ನು ಹೇಳಿದ್ದೆ. ಈಗ ಕಾರಣ ಹೇಳುತ್ತೇನೆ. ನಿಮ್ಮ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ.

ನಾನು ತುಮಕೂರು ಕೋರ್ಟಿನಲ್ಲಿ ಕೆಲವು ವರ್ಷ ಸರ್ಕಾರದ ಪರ ಇಂಥ ಕೇಸುಗಳನ್ನು ನಡೆಸಿದೆ. ಆಮೇಲೆ ಆರೋಪಿಗಳ ಪರ ವಕಾಲತ್ತು ಹಾಕತೊಡಗಿದೆ. ಎರಡೂ ಕಡೆಯ ಕುರ್ಚಿಯಲ್ಲಿ ಕೂತವಳು ಅಂದುಕೊಳ್ಳಿ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅದು ನಿಂತಿರುವ ನೆಲವೇ ಸರಿ ಇಲ್ಲ. ಅಮಾಯಕನಿಗೆ ಶಿಕ್ಷೆ, ತಪ್ಪಿತಸ್ಥನಿಗೆ ಬಿಡುಗಡೆ ಇವೆರಡೂ ತಕ್ಕಡಿಯ ಎರಡು ತಟ್ಟೆ, ಒಂದು ಇಳಿದರೆ ಇನ್ನೊಂದು ಏರುತ್ತೆ ಅಂತ ನೀವು ನಂಬಿದ್ದೀರಿ. ನಾನು ಕಂಡಂತೆ ಇವೆರಡೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ಮೊದಲ ವಾರದ ತನಿಖೆ ಕೆಟ್ಟರೆ ಎರಡರಲ್ಲಿ ಯಾವುದಾದರೂ ಆಗಬಹುದು. ಎರಡೂ ಒಟ್ಟಿಗೇ ಆಗಲೂಬಹುದು.

ಒಟ್ಟಿಗೇ ಆದದ್ದಕ್ಕೆ ಉದಾಹರಣೆ ಕೊಡುತ್ತೇನೆ. 2003ರಲ್ಲಿ ಮಹಾರಾಷ್ಟ್ರದಲ್ಲಿ ಒಂದು ಗುಡಿಸಲಿಗೆ ನುಗ್ಗಿ ಐದು ಜನರನ್ನು ಕೊಂದರು, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಆರು ಜನ ಸಿಕ್ಕಿಬಿದ್ದರು. 2009ರಲ್ಲಿ ಸುಪ್ರೀಂ ಕೋರ್ಟು ಆರೂ ಜನಕ್ಕೆ ಗಲ್ಲೇ ಸರಿ ಎಂದಿತು. 2019ರ ಮಾರ್ಚಿನಲ್ಲಿ ಅದೇ ಸುಪ್ರೀಂ ಕೋರ್ಟು ತನ್ನ ತೀರ್ಪನ್ನು ತಾನೇ ಮತ್ತೆ ನೋಡಿ, ಆರೂ ಜನರನ್ನು ಬಿಡುಗಡೆ ಮಾಡಿತು. ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಏನಾಗಿತ್ತು ಗೊತ್ತಾ? ಬದುಕುಳಿದ ಹೆಂಗಸು ಘಟನೆ ಆದ ಬೆನ್ನಲ್ಲೇ ಪೊಲೀಸರ ಫೋಟೋ ಆಲ್ಬಂ ನೋಡಿ ಬೇರೆ ನಾಲ್ವರನ್ನು ಗುರುತಿಸಿದ್ದರು. ಆ ನಾಲ್ವರ ಮೇಲೆ ಕೇಸೇ ನಡೆಯಲಿಲ್ಲ. ಹದಿನಾರು ವರ್ಷ ಆರು ಜನ ಒಳಗೆ. ಅಷ್ಟೂ ವರ್ಷ ನಿಜವಾಗಿ ಮಾಡಿದವರು ಹೊರಗೆ. ಇಲ್ಲಿ ಯಾವ ತಟ್ಟೆ ಏರಿತು, ಯಾವುದು ಇಳಿಯಿತು, ಹೇಳಿ.

ನೂರು ಅಪರಾಧಿಗಳ ಆ ಮಾತಿನ ಬಗ್ಗೆಯೂ ಸ್ವಲ್ಪ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಕಾನೂನು ಪಂಡಿತ ಬ್ಲಾಕ್‌ಸ್ಟೋನ್ ಹೇಳಿದ್ದು ಹತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಬಾಯಲ್ಲಿ ಅದು ನೂರಾಯಿತು. ನಮ್ಮ ಸಿನಿಮಾ ಕೋರ್ಟುಗಳಲ್ಲಿ ಇನ್ನೂ ಜಾಸ್ತಿಯೇ ಆಗಿರಬೇಕು. ಲೆಕ್ಕ ಎಷ್ಟೇ ಇರಲಿ, ಅದು ಸಾಕ್ಷಿಯನ್ನೆಲ್ಲ ಕೇಳಿ ಮುಗಿಸಿ ತೀರ್ಪು ಬರೆಯಲು ಕೂತ ನ್ಯಾಯಾಧೀಶರಿಗೆ ಹೇಳಿದ ಮಾತು. ಅರಳಿಕಟ್ಟೆಯ ಮೇಲೆ ಕೂತು ದೂರನ್ನೇ ನಿಲ್ಲಿಸುವುದಕ್ಕೆ ಅದನ್ನು ಬಳಸುವ ಹಾಗಿಲ್ಲ. ತೀರ್ಪು ಬರೆಯುವವರಿಗೂ ಅದು ಅತಿಯಾಗಬಾರದು ಅಂತ 1973ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಎಚ್ಚರಿಸಿದ್ದರು. ತಪ್ಪಿತಸ್ಥನನ್ನು ಬಿಟ್ಟರೂ ನ್ಯಾಯ ಕೆಟ್ಟ ಹಾಗೇ ಅಂತ ಅವರ ಮಾತಿನ ತಿರುಳು. ನಮ್ಮವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಸಮಿತಿ 2003ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾಬೀತಿನ ಮಟ್ಟವನ್ನೇ ಕೊಂಚ ಇಳಿಸೋಣ ಎಂದಿತು. ಸರ್ಕಾರ ಒಪ್ಪಲಿಲ್ಲ. ಒಪ್ಪದಿದ್ದದ್ದು ಒಳ್ಳೆಯದೇ ಆಯಿತು ಅನ್ನುವವಳು ನಾನು. ತನಿಖೆ ಈಗಿರುವ ಹಾಗೇ ಇದ್ದು ಸಾಬೀತಿನ ಮಟ್ಟ ಮಾತ್ರ ಇಳಿದರೆ, ಕೈಗೆ ಸಿಕ್ಕವನು ಒಳಗೆ ಹೋಗುತ್ತಾನೆ. ಮಾಡಿದವನೇ ಹೋಗುತ್ತಾನೆ ಅನ್ನುವ ಖಾತ್ರಿ ಎಲ್ಲಿದೆ?

ತನಿಖೆ ಹೇಗೆ ಕೆಡುತ್ತದೆ ಎನ್ನುವುದಕ್ಕೆ ನನ್ನದೇ ಎರಡು ಫೈಲು. ಸರ್ಕಾರದ ಪರ ಇದ್ದಾಗ ಒಂದು ಕೇಸು ಸೋತೆ. ಹುಡುಗಿಯ ಬಟ್ಟೆಯನ್ನು ಒಣಗಿಸದೆ, ಒದ್ದೆಯಾಗಿದ್ದಂತೆಯೇ ಪ್ಲಾಸ್ಟಿಕ್ ಕವರಿಗೆ ತುಂಬಿ ಸೀಲು ಮಾಡಿದ್ದರು. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಅದು ತಲುಪುವ ಹೊತ್ತಿಗೆ ಬೂಷ್ಟು ಹಿಡಿದು ಏನೂ ಉಳಿದಿರಲಿಲ್ಲ. ಕಾಗದದ ಕವರ್ ಬಳಸಿದ್ದರೆ ಆ ಕೇಸು ಬೇರೆ ಆಗುತ್ತಿತ್ತು. ಎರಡನೆಯದರಲ್ಲಿ ನಾನು ಆರೋಪಿಯ ಪರ. ಹುಡುಗ ಆ ಹೊತ್ತಿಗೆ ಇಪ್ಪತ್ತು ಕಿಲೋಮೀಟರ್ ದೂರದ ಪೆಟ್ರೋಲ್ ಬಂಕಿನಲ್ಲಿ ಇದ್ದೆ ಅಂತ ಮೊದಲ ದಿನದಿಂದ ಹೇಳುತ್ತಿದ್ದ. ತನಿಖಾಧಿಕಾರಿ ಅಲ್ಲಿಗೆ ಹೋಗಲೇ ಇಲ್ಲ. ನಾನು ಕೇಳುವ ಹೊತ್ತಿಗೆ ಸಿಸಿಟಿವಿ ಅಳಿಸಿಹೋಗಿತ್ತು. ಕೊನೆಗೆ ಫೋನ್ ಟವರ್ ದಾಖಲೆ ತರಿಸಿ ಬಿಡಿಸಿದ್ದಾಯಿತು, ನಾಲ್ಕು ವರ್ಷ ಹಿಡಿಯಿತು. ಆ ಹುಡುಗಿಗೆ ಅನ್ಯಾಯ ಆಗಿತ್ತು ಎನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಮಾಡಿದವನು ಯಾರು ಅಂತ ಇವತ್ತಿಗೂ ಯಾರೂ ಹುಡುಕಿಲ್ಲ.

ಈಗ ನಿಮ್ಮೂರಿನ ಹಳೆಯ ಎರಡು ಕೇಸು. ಖುಲಾಸೆ ಆಯಿತು ಅಂದರೆ ದೂರು ಸುಳ್ಳು ಅಂತ ಅಲ್ಲ. ಅನುಮಾನಕ್ಕೆ ಎಡೆ ಇಲ್ಲದಂತೆ ಸಾಬೀತಾಗಲಿಲ್ಲ ಅಂತ ಮಾತ್ರ. ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 31,516 ಅತ್ಯಾಚಾರ ಪ್ರಕರಣ ದಾಖಲಾದವು. ವಿಚಾರಣೆ ಮುಗಿದವುಗಳಲ್ಲಿ ಶಿಕ್ಷೆಯಾದದ್ದು ಸುಮಾರು ಶೇ 27. ಉಳಿದದ್ದೆಲ್ಲ ಸುಳ್ಳು ಕೇಸು ಅಂತ ಒಬ್ಬರು ಇದೇ ಅಂಕಿ ತೋರಿಸುತ್ತಾರೆ. ಅಷ್ಟೂ ಜನ ತಪ್ಪಿಸಿಕೊಂಡರು ಅಂತ ಇನ್ನೊಬ್ಬರು ಅದನ್ನೇ ತೋರಿಸುತ್ತಾರೆ. ಆ ಅಂಕಿ ಎರಡನ್ನೂ ಹೇಳುವುದಿಲ್ಲ. ಅದರೊಳಗೆ ಸುಳ್ಳು ದೂರು ಇದೆ, ಹೆದರಿ ತಿರುಗಿಬಿದ್ದ ಸಾಕ್ಷಿ ಇದೆ, ಬೂಷ್ಟು ಹಿಡಿದ ಬಟ್ಟೆ ಇದೆ, ಹದಿನೆಂಟು ತುಂಬದ ಹುಡುಗಿ ಪ್ರೀತಿಸಿದವನ ಜೊತೆ ಓಡಿಹೋದದ್ದೂ ಇದೆ.

ಏಳು ತಿಂಗಳು ಜೈಲಲ್ಲಿದ್ದ ಆ ಹುಡುಗನ ಕೇಸು ಈ ಕೊನೆಯ ಬಗೆಗೆ ಸೇರಿದ್ದಿರಬಹುದು ಅಂತ ನನ್ನ ಊಹೆ. ಹುಡುಗಿಗೆ ಆಗ ಎಷ್ಟು ವಯಸ್ಸು ಅಂತ ವಿಚಾರಿಸಿ ನೋಡಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟರ ಒಳಗಿನವರ ಒಪ್ಪಿಗೆಗೆ ಬೆಲೆ ಇಲ್ಲ. ಅಪ್ಪ-ಅಮ್ಮ ಕಿಡ್ನ್ಯಾಪ್ ಅಂತ ದೂರು ಕೊಡುತ್ತಾರೆ, ಹುಡುಗ ಒಳಗೆ ಹೋಗುತ್ತಾನೆ. ಹುಡುಗಿ ದೊಡ್ಡವಳಾದ ಮೇಲೆ ಕೋರ್ಟಿಗೆ ಬಂದು 'ಏನೂ ಮಾಡಿಲ್ಲ' ಅನ್ನುತ್ತಾಳೆ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳದ ಪೋಕ್ಸೊ ತೀರ್ಪುಗಳನ್ನು ಓದಿದಾಗ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಇಂಥದ್ದಿತ್ತು. ನಮ್ಮ ಹೈಕೋರ್ಟಿನ ಧಾರವಾಡ ಪೀಠವೂ 2022ರಲ್ಲಿ, ವಯಸ್ಸಿನ ಮಿತಿಯನ್ನು ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತು. 2023ರಲ್ಲಿ ಆಯೋಗ ಮಿತಿ ಇಳಿಸುವುದು ಬೇಡ ಎಂದಿತು. 16ರಿಂದ 18ರ ನಡುವಿನವರ ವಿಷಯದಲ್ಲಿ ಶಿಕ್ಷೆ ಕಡಿಮೆ ಮಾಡುವ ಅಧಿಕಾರ ಜಡ್ಜಿಗೆ ಇರಲಿ ಎಂದಿತು. ಊರಿನವರು ಇಂಥ ಕೇಸುಗಳನ್ನು ನೋಡಿ 'ರೇಪ್ ಕೇಸೆಲ್ಲ ಸುಳ್ಳು' ಅಂತ ತೀರ್ಮಾನ ಮಾಡುತ್ತಾರೆ. ನಿಮ್ಮ ಈಗಿನ ಹುಡುಗಿಗೆ 21. ಆ ಕಥೆಯನ್ನು ಇವಳ ತಲೆಗೆ ಕಟ್ಟಬೇಡಿ.

ಪಟಾಕಿ ಹೊಡೆಸಿದವನ ಕೇಸಿನಲ್ಲಿ ಸಾಕ್ಷಿ ಹೇಳಬೇಕಾದವರು ಯಾರು, ಅವರು ಕೋರ್ಟಿನಲ್ಲಿ ಏನು ಹೇಳಿದರು? 'ಇಡೀ ಊರಿಗೆ ಗೊತ್ತು' ಅಂದಿರಿ. ಗೊತ್ತಿದ್ದ ಊರು ಕಟಕಟೆ ಹತ್ತಿದಾಗ 'ನನಗೇನೂ ಗೊತ್ತಿಲ್ಲ ಸ್ವಾಮಿ' ಅಂದಿದ್ದರೆ, ಬಿಟ್ಟದ್ದು ಕೋರ್ಟೋ ಊರೋ? ಬೇಜಾರು ಮಾಡಿಕೊಳ್ಳಬೇಡಿ, ಇದು ನಿಮ್ಮೂರೊಂದರ ಕಥೆ ಅಲ್ಲ.

ಇನ್ನು ಐದು ದಿನ, ಗಾಯ ಇಲ್ಲ, ಕೂಗಿಲ್ಲ, ಬದುವಿನ ಜಗಳ ಅಂದಿರಲ್ಲ, ಅದಕ್ಕೆ ಬರುತ್ತೇನೆ.

ತಡವಾದ ದೂರು ಸುಳ್ಳು ದೂರು ಅನ್ನುವುದು ತಪ್ಪು. ತಡ ಯಾಕಾಯಿತು ಅಂತ ನಂಬುವಂತೆ ಹೇಳಿದರೆ ಸಾಕು ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಮದುವೆಯಾಗದ ಹುಡುಗಿ ಐದು ದಿನಕ್ಕೆ ಬಾಯಿ ಬಿಟ್ಟಳು ಅಂದರೆ ನನ್ನ ಅನುಭವದಲ್ಲಿ ಅದು ಬೇಗ. ಗಾಯ, ಕೂಗು ಇರಲೇಬೇಕು ಅನ್ನುವುದೂ ತಪ್ಪು. ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲೇ ಇದೆ: ಕೈಕಾಲು ಬಡಿದು ವಿರೋಧಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿದಳು ಅಂತ ತಿಳಿಯಬಾರದು. ಭಯಕ್ಕೆ ಮೈ ಮರಗಟ್ಟಿಹೋಗುವುದು ಇದೆ. ಆರು ತಿಂಗಳು ಫೋನಲ್ಲಿ ಮಾತಾಡಿದ್ದು ನಿಜವೇ ಆದರೂ, ಆವತ್ತು ರಾತ್ರಿಯ ಒಪ್ಪಿಗೆ ಅದರಲ್ಲಿ ಬರುವುದಿಲ್ಲ. 'ಡಾಕ್ಟರು ರೇಪ್ ಆಗಿಲ್ಲ ಅಂದರು' ಅನ್ನುವ ಮಾತೂ ಓಡಾಡುತ್ತೆ. ಡಾಕ್ಟರು ತಾವು ಕಂಡದ್ದನ್ನು ಬರೆಯಬಹುದು ಅಷ್ಟೇ, ಅತ್ಯಾಚಾರ ಆಯಿತೋ ಇಲ್ಲವೋ ಅನ್ನುವುದು ಕೋರ್ಟಿನ ಕೆಲಸ. ಎರಡು ಬೆರಳಿನ ಪರೀಕ್ಷೆಯನ್ನಂತೂ ಯಾರೂ ಮಾಡುವಂತಿಲ್ಲ. ಮಾಡಿದರೆ ದುರ್ನಡತೆ ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಬದುವಿನ ಜಗಳ ಮಾತ್ರ ಎರಡು ಅಲಗಿನ ಕತ್ತಿ. ಹಗೆಗೆ ಸುಳ್ಳು ಕೇಸು ಹಾಕಿಸುವವರು ಇದ್ದಾರೆ, ಹಗೆಗೆ ಹುಡುಗಿಯ ಮೇಲೆ ಕೈ ಹಾಕುವವರೂ ಇದ್ದಾರೆ. ಉತ್ತರ ಪ್ರದೇಶದ ಲಲಿತ್‌ಪುರದ ಕೇಸು ಓದಿದರೆ ನಿಮ್ಮ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ ಅಂತ ಗೊತ್ತಾಗುತ್ತೆ. ಅಲ್ಲೂ ಎರಡು ಮನೆ ನಡುವೆ ಜಾಗದ ತಕರಾರು, ಅಲ್ಲೂ ಮೂರು ದಿನ ತಡವಾದ ದೂರು. ಸೆಷನ್ಸ್ ಕೋರ್ಟು 2003ರಲ್ಲಿ ಆರೋಪಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅಪೀಲು ಕಾಗದದ ಲೋಪದಲ್ಲೇ ವರ್ಷಗಟ್ಟಲೆ ಕೊಳೆಯಿತು. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟು ಆತ ನಿರ್ದೋಷಿ ಎಂದಾಗ ಒಳಗೆ ಇಪ್ಪತ್ತು ವರ್ಷ ಕಳೆದಿತ್ತು. ಇಂಥವರಿಗೆ ಹಕ್ಕಾಗಿ ಪರಿಹಾರ ಸಿಗುವ ಕಾನೂನು ಇರಲಿ ಅಂತ ಕಾನೂನು ಆಯೋಗ 2018ರಲ್ಲೇ ವರದಿ ಕೊಟ್ಟಿದೆ. ಕಾನೂನು ಬಂದಿಲ್ಲ.

'ಹೆಂಗಸು ಹೇಳಿದರೆ ಸಾಕು, ಬೇರೆ ಸಾಕ್ಷಿ ಬೇಡ, ಗಂಡಸಿನ ಕಥೆ ಮುಗಿದಂತೆ' ಅಂತ ಟೀ ಅಂಗಡಿ ಮಾತು ಇದೆಯಲ್ಲ, ಅದು ಅರ್ಧ ನಿಜ. ಅವಳೊಬ್ಬಳ ಮಾತು ನಂಬುವಂತಿದ್ದರೆ ಅದರ ಮೇಲೆ ಶಿಕ್ಷೆ ಕೊಡಬಹುದು, ಬೇರೆ ಸಾಕ್ಷಿ ಬೇಕೇಬೇಕು ಅಂತ ಹಟ ಹಿಡಿಯಬಾರದು ಅಂತ 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಅದೇ ಕೋರ್ಟು 2008ರಲ್ಲಿ, ಅವಳ ಮಾತನ್ನು ಯಾವಾಗಲೂ ಅಕ್ಷರಶಃ ಸತ್ಯ ಅಂತ ಇಟ್ಟುಕೊಂಡೇ ಹೊರಡಲಾಗದು, ಸುಳ್ಳು ಆರೋಪ ಗಂಡಸಿನ ಬಾಳನ್ನೂ ಹಾಳುಮಾಡುತ್ತೆ ಎಂದಿತು. ಒಬ್ಬಳ ಮಾತಿನ ಮೇಲೇ ಶಿಕ್ಷೆ ಕೊಡಬೇಕಾದರೆ ಆ ಮಾತು ದೂರಿನಿಂದ ಪಾಟಿ ಸವಾಲಿನವರೆಗೆ ಅಲುಗಾಡದೆ ನಿಲ್ಲಬೇಕು ಅಂತ 2012ರಲ್ಲಿ ಹೇಳಿತು. ನಿರಪರಾಧಿ ಅಂತ ಆರೋಪಿಯೇ ತೋರಿಸಬೇಕು ಅನ್ನುವ ನಿಯಮ ಇರುವುದು ಮುಖ್ಯವಾಗಿ ಪೋಕ್ಸೊದಲ್ಲಿ. ಅಲ್ಲೂ ಸರ್ಕಾರ ಮೊದಲು ಮೂಲ ಸಂಗತಿಗಳನ್ನು ತೋರಿಸಲೇಬೇಕು. ನಿಮ್ಮೂರಿನ ಈ ಕೇಸಿನಲ್ಲಿ ಸಾಬೀತು ಮಾಡುವ ಭಾರ ಸರ್ಕಾರದ್ದೇ.

ಈಗ ದಾರಿಗಳು. ಮೊದಲನೆಯದು ನೀವು ಕೇಳಿದ ರಾಜಿ. ಇಂಥ ಅಪರಾಧ ರಾಜಿಯಾಗುವಂಥದ್ದಲ್ಲ. 2024ರ ನವೆಂಬರಿನಲ್ಲಿ ರಾಜಸ್ಥಾನದ ಒಂದು ಪೋಕ್ಸೊ ಕೇಸಿನಲ್ಲಿ ಎರಡು ಕಡೆಯವರು ರಾಜಿಯಾದರು ಅಂತ ಹೈಕೋರ್ಟು ಎಫ್‌ಐಆರ್ ರದ್ದು ಮಾಡಿದ್ದನ್ನು ಸುಪ್ರೀಂ ಕೋರ್ಟು ತಿರುಗಿಸಿತು. ಹೈಕೋರ್ಟಿಗೇ ಸಾಧ್ಯವಾಗದ್ದು ಅರಳಿಕಟ್ಟೆಯಲ್ಲಿ ಆಗುತ್ತಾ? ದುಡ್ಡು ತೆಗೆದುಕೊಂಡು ಇಂಥದ್ದನ್ನು ಮುಚ್ಚಿಸುವುದು ಸ್ವತಃ ಅಪರಾಧ. ಇನ್ನೂ ಕೆಟ್ಟದ್ದೇನೆಂದರೆ, ರಾಜಿಗೆ ಕೂತಾಗ ಹುಡುಗಿಯನ್ನು ಹತ್ತು ಜನರ ಮುಂದೆ ಮಾತಾಡಿಸುತ್ತೀರಿ. ಅವಳು ಅಲ್ಲಿ ಒಂದು ಮಾತು ಹೇಳುತ್ತಾಳೆ, ಠಾಣೆಯಲ್ಲಿ ಇನ್ನೊಂದು ಮಾತು ಸೇರಿಸುತ್ತಾಳೆ. ಆ ವ್ಯತ್ಯಾಸ ಹಿಡಿದು ನನ್ನಂಥ ವಕೀಲೆ ಕೇಸನ್ನು ಉರುಳಿಸುತ್ತಾಳೆ. ಅವನು ನಿರಪರಾಧಿಯಾಗಿದ್ದರೆ ಅವನಿಗೂ ಕೇಡೇ. 'ತಪ್ಪಾಯ್ತು, ಮದುವೆ ಆಗ್ತೀನಿ' ಅಂತ ಪಂಚಾಯ್ತಿಯಲ್ಲಿ ಹೇಳಿಸಿದ ಮಾತು ಆಮೇಲೆ ಅವನ ಕೊರಳಿಗೇ ಬರುತ್ತದೆ. ಮದುವೆ ಮಾಡಿಸಿ ಮುಗಿಸೋಣ ಅನ್ನುವವರನ್ನಂತೂ ಹತ್ತಿರ ಸೇರಿಸಬೇಡಿ.

ಎರಡನೆಯದು ಆಸ್ಪತ್ರೆ. ಜನಕ್ಕೆ ಇದು ಹೊಳೆಯುವುದೇ ಇಲ್ಲ. ಎಫ್‌ಐಆರ್ ಇಲ್ಲದಿದ್ದರೂ ಸರ್ಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ ಎರಡೂ ಅವಳಿಗೆ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು. ಪೊಲೀಸರಿಗೆ ತಿಳಿಸುವ ಜವಾಬ್ದಾರಿ ಆಸ್ಪತ್ರೆಗೆ ಇದೆ, ಅದನ್ನು ಹುಡುಗಿಗೆ ಮೊದಲೇ ಹೇಳಿ. ದೇಹದ ಮೇಲಿನ ಸ್ಯಾಂಪಲ್ಲು ಮೂರ್ನಾಲ್ಕು ದಿನದ ಮೇಲೆ ಸಿಗುವುದು ಕಷ್ಟ, ಅದು ಕೈತಪ್ಪಿರಬಹುದು. ಎಚ್‌ಐವಿ ತಡೆಯುವ ಮಾತ್ರೆಗೂ 72 ಗಂಟೆಯ ಗಡುವು ಇತ್ತು. ಬಸಿರಿನ ಪರೀಕ್ಷೆ, ಸೋಂಕಿನ ಚಿಕಿತ್ಸೆ ಈಗಲೂ ಆಗಬೇಕು. ಆವತ್ತಿನ ಬಟ್ಟೆಯನ್ನು ತೊಳೆದಿಲ್ಲದಿದ್ದರೆ ಕಾಗದದ ಚೀಲದಲ್ಲಿ ಇಡಲಿ. ತೊಳೆದಿದ್ದರೂ ಎಸೆಯಬೇಡಿ. ಜಿಲ್ಲಾ ಕೇಂದ್ರದಲ್ಲಿ ನೊಂದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ ಇದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ.

ಮೂರನೆಯದು ದೂರು. ಇದು ಅವಳ ನಿರ್ಧಾರ. ಅವರಪ್ಪನದೂ ಅಲ್ಲ, ನಿಮ್ಮದೂ ಅಲ್ಲ. ಇಲ್ಲಿ ಅಪಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ವರ್ಷಗಟ್ಟಲೆ ವಾಯಿದೆ ಇರುತ್ತೆ. ಚಾರ್ಜ್‌ಶೀಟ್ ಆದ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು ಅಂತ ಕಾನೂನಿನಲ್ಲಿದೆ, ನಾನು ಇನ್ನೂ ಕಂಡಿಲ್ಲ. ಆದರೆ ವಿಚಾರಣೆ ಮುಚ್ಚಿದ ಕೋರ್ಟಿನಲ್ಲಿ ನಡೆಯುತ್ತದೆ. ಅವಳ ಹೆಸರು ಹೊರಗೆ ಹಾಕಿದವರಿಗೆ ಎರಡು ವರ್ಷದವರೆಗೆ ಜೈಲು, ಊರಿನ ವಾಟ್ಸಾಪ್ ಗ್ರೂಪಿಗೂ ಇದು ಅನ್ವಯ. ದೂರಿನಲ್ಲಿ ಆದದ್ದಷ್ಟೇ ಇರಲಿ. 'ಕೇಸು ಗಟ್ಟಿಯಾಗಲಿ' ಅಂತ ಅವನ ಅಣ್ಣನ ಹೆಸರು, ಭಾವನ ಹೆಸರು ಸೇರಿಸಲು ಹೇಳುವವರು ಬರುತ್ತಾರೆ. ಸರ್ಕಾರದ ಪರ ಇದ್ದಾಗ ನಾನು ಸೋತ ಕೇಸುಗಳಲ್ಲಿ ಎಷ್ಟೋ ಸೋತದ್ದು ಇದರಿಂದಲೇ. ನಿಜವಾದ ದೂರಿಗೆ ಬೆರೆಸಿದ ಒಂದು ಚಮಚ ಸುಳ್ಳು ಇಡೀ ದೂರನ್ನು ಕೆಡಿಸುತ್ತದೆ. ಆರು ತಿಂಗಳು ಫೋನಲ್ಲಿ ಮಾತಾಡಿದ್ದು ನಿಜವಾದರೆ ಅದನ್ನೂ ಅವಳು ಮೊದಲೇ ಹೇಳಿಬಿಡಲಿ. ಮುಚ್ಚಿಟ್ಟರೆ ಕಾಲ್ ದಾಖಲೆ ಹೇಳುತ್ತದೆ, ಆಗ ಅವಳ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಬೇಗ ಹೇಳಿಕೆ ಆಗುವಂತೆ ಕೇಳಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ. 15100 ಅದರ ಸಹಾಯವಾಣಿ.

ವ್ಯಾನಿನವನಿಗೂ ಹೇಳುವುದಿದೆ. ಅವನೂ ನಿಮಗೆ ಬೇಕಾದವನೇ ಅಂದಿರಲ್ಲ. ಓಡಿಹೋಗಬಾರದು, ಹುಡುಗಿಯ ಮನೆ ಕಡೆ ತಲೆ ಹಾಕಬಾರದು, ಫೋನಿನಿಂದ ಒಂದು ಮೆಸೇಜೂ ಅಳಿಸಬಾರದು. ಮೆಸೇಜುಗಳು ನಿಜವಾಗಿ ಅವನ ಪರ ಇದ್ದರೆ ಅವೇ ಅವನನ್ನು ಉಳಿಸುತ್ತವೆ. ಹುಡುಗಿ ವಯಸ್ಕಳಾದ್ದರಿಂದ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಕೇಳಬಹುದು, ಸಿಗುವುದು ಬಿಡುವುದು ಬೇರೆ ಮಾತು. ವ್ಯಾನಿಗೆ ಜಿಪಿಎಸ್ ಇದೆಯಾ, ದಾರಿಯಲ್ಲಿ ಎಲ್ಲೆಲ್ಲಿ ಸಿಸಿಟಿವಿ ಇದೆ, ಅವನಿಗೆ ಗೊತ್ತಿರುತ್ತೆ. ಅದನ್ನು ಕಾಪಾಡಿ ಅಂತ ವಕೀಲರ ಮೂಲಕ ಇವತ್ತೇ ಬರೆದುಕೊಡಲಿ. ಕೆಲವು ಕಡೆ ಹದಿನೈದೇ ದಿನಕ್ಕೆ ಅಳಿಸಿಹೋಗುತ್ತದೆ. ಗಮನಿಸಿದಿರಾ, ಹುಡುಗಿಗೆ ಬೇಕಾದದ್ದೂ ಅದೇ ಸಿಸಿಟಿವಿ. ವ್ಯಾನ್ ಎಷ್ಟು ಹೊತ್ತಿಗೆ ಎಲ್ಲಿ ತಿರುಗಿತು, ಎಷ್ಟು ಹೊತ್ತು ನಿಂತಿತು ಅನ್ನುವುದು ಇಬ್ಬರಲ್ಲಿ ಒಬ್ಬರ ಮಾತಿಗೆ ಬಲ ಕೊಡುತ್ತದೆ. ಮುಚ್ಚುಮರೆ ಇಲ್ಲದವರು ಅದನ್ನು ತರಿಸಿ ಅಂತ ತಾವೇ ಕೇಳುತ್ತಾರೆ.

ಎಲ್ಲ ಸರಿಯಾಗಿ ನಡೆದ ಮೇಲೂ ಅವಳ ಮಾತು ಒಂದು ಕಡೆ, ಅವನ ಮಾತು ಒಂದು ಕಡೆ ಸಮಸಮವಾಗಿ ಉಳಿಯುವ ಕೇಸುಗಳಿವೆ. ಆಗ ಅನುಮಾನದ ಲಾಭ ಅವನಿಗೇ ಹೋಗುತ್ತದೆ. ನಿಜ ಹೇಳಿದ ಹೆಣ್ಣುಮಕ್ಕಳಿಗೂ ಹೀಗೆ ಆಗಿದ್ದನ್ನು ನೋಡಿದ್ದೇನೆ. ಆ ಬೆಲೆಯನ್ನು ಅವರೇ ತೆರುತ್ತಾರೆ, ಇದಕ್ಕೆ ನನ್ನ ಬಳಿ ಸಮಾಧಾನದ ಮಾತಿಲ್ಲ. ಹಾಗೇನಾದರೂ ಆದರೆ ಅವಳಿಗೆ ಅಪೀಲಿನ ಹಕ್ಕು ಇದೆ. ಊರಿನಲ್ಲಿ 'ಸುಳ್ಳಿ' ಅಂತ ಕರೆಯದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಕೊನೆಗೆ ಒಂದು. ದೂರು ದಾಖಲಾದರೆ ಪೊಲೀಸರು ತೋಟದ ಮಹಜರಿಗೆ, ಅಂದರೆ ಜಾಗ ನೋಡಿ ದಾಖಲೆ ಬರೆದುಕೊಳ್ಳಲು, ಬರುತ್ತಾರೆ. ಪಂಚಾಯ್ತಿ ಸದಸ್ಯರು ಅಂತ ಮೊದಲು ನಿಮ್ಮನ್ನೇ ಪಂಚರಾಗಿ, ಅಂದರೆ ಮಹಜರಿನ ಸಾಕ್ಷಿಯಾಗಿ, ಕರೆಯಬಹುದು. ಹೋಗಿ. ಠಾಣೆಯಲ್ಲಿ ಬರೆದಿಟ್ಟದ್ದಕ್ಕೆ ರುಜು ಹಾಕಬೇಡಿ. ತೋಟಕ್ಕೆ ನಡೆದು, ನೋಡಿ, ಓದಿ, ಆಮೇಲೆ ಹಾಕಿ. ಮನೆಗೆ ಬಂದು ತಾರೀಖು, ಹೊತ್ತು, ಏನು ಕಂಡಿತು, ಏನನ್ನು ಯಾವ ಕವರಿಗೆ ಹಾಕಿದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಅವತ್ತೇ ಬರೆದಿಡಿ. ಸಮನ್ಸ್ ಬರುವ ಹೊತ್ತಿಗೆ ಎರಡು-ಮೂರು ವರ್ಷ ಆಗಿರುತ್ತದೆ. ಆಗ ಜಡ್ಜಿಯವರ ಅಪ್ಪಣೆ ಪಡೆದು ಆ ನೋಟ್‌ಬುಕ್ ನೋಡಿಕೊಂಡು ಸಾಕ್ಷಿ ಹೇಳಲು ಕಾನೂನಿನಲ್ಲಿ ಅವಕಾಶ ಇದೆ.